ಮುಚ್ಚಳ ಬಿಚ್ಚದೆ ಹೇಳಿದ ಮಾತು

ಊರೆಲ್ಲ ಅವನನ್ನು ಭೂತಗನ್ನಡಿ ಎಂದೇ ಕರೆಯುತ್ತಿತ್ತು. ಗಡಿಯಾರ ರಿಪೇರಿಯವನ ಆ ಮಸೂರ ಊಟಕ್ಕೆ ಕೂತಾಗಲೂ ಹಣೆಯಿಂದ ಇಳಿಯುತ್ತಿರಲಿಲ್ಲ. "ಉಪ್ಪೂ ಅಸಲಿನಾ ನಕಲಿನಾ ನೋಡಿಬಿಡಿ" ಎಂದು ಹೆಂಡತಿ ರೇಗಿಸುತ್ತಿದ್ದಳು. ದುಬಾರಿ ವಾಚುಗಳಲ್ಲಿ ನಕಲಿ ಯಾವುದು ಎಂದು ಹೇಳುವುದರಲ್ಲಿ ಅವನ ಮಾತಿಗೆ ಎದುರಾಡುವವರೇ ಇರಲಿಲ್ಲ. ಎದುರಾಡುವವರಿಲ್ಲದಿದ್ದರೆ ಎಂಥವನೂ ಕೆಡುತ್ತಾನೆ, ಬಿಡಿ.

ಆ ದಿನ ಬೆಳಿಗ್ಗೆ ಅಂಗಡಿಗೆ ಅತ್ತಿಗೆ ಬಂದರು. ಸ್ವಂತ ಅತ್ತಿಗೆಯಲ್ಲ. ಹೋದ ವರ್ಷ ತೀರಿಕೊಂಡ ಅವನ ಜೀವದ ಗೆಳೆಯ, ಕಂಪನಿ ಮ್ಯಾನೇಜರ್‌ರ ಹೆಂಡತಿ. ಬಂದವರು ಮೇಜಿನ ಮೇಲೆ ಎರಡು ವಾಚು ಇಟ್ಟರು, ನೋಡಲು ಎರಡೂ ಒಂದೇ.

"ಇದು ನಮ್ಮೋರದ್ದು. ಇದು ಅದೇ ಕಂಪನಿ ಕ್ಯಾಷಿಯರ್‌ದು. ಇಬ್ಬರೂ ರಿಟೈರ್ ಆದಾಗ ಒಂದೇ ದಿನ ಕಂಪನಿಯೋರು ಕೊಟ್ಟಿದ್ದು. ಕ್ಯಾಷಿಯರ್ ಹೆಂಡ್ತಿ ಹೋದ ವಾರ ಇದನ್ನ ಮಾರಕ್ಕೆ ಹೋದ್ರೆ ನಕಲಿ ಅಂದ್ರಂತೆ. ಎರಡನ್ನೂ ಬಿಚ್ಚಿ ನೋಡಿ."

ಅವನು ಮಸೂರ ಕಣ್ಣಿಗೆ ಇಳಿಸಿಕೊಂಡು ಮ್ಯಾನೇಜರ್ ವಾಚನ್ನು ಎತ್ತಿಕೊಂಡ.

ಹತ್ತು ವರ್ಷದ ಹಿಂದೆ ಮ್ಯಾನೇಜರ್ ಈ ವಾಚನ್ನು ಅವನ ಮುಂದೆ ಹಿಡಿದಿದ್ದರು. ಅಂಗೈಯಲ್ಲಿ ತೂಗಿ ನೋಡಿದ್ದ, ಭಾರವಾಗಿತ್ತು. ಸೆಕೆಂಡಿನ ಮುಳ್ಳು ಕುಪ್ಪಳಿಸದೆ ನುಣ್ಣಗೆ ಜಾರುತ್ತಿತ್ತು. ಇಷ್ಟೆಲ್ಲ ಒಳ್ಳೆಯ ನಕಲಿಯಲ್ಲೂ ಇರುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಹಿಂದಿನ ಮುಚ್ಚಳ ಬಿಚ್ಚಿ ಯಂತ್ರ ನೋಡದೆ ಬಾಯಿ ಬಿಡಬೇಡಿ ಎಂದು ಕಂಡಕಂಡವರಿಗೆ ಬೋಧಿಸುತ್ತಿದ್ದವನೂ ಇವನೇ. ಆದರೆ ಗೆಳೆಯನ ಮುಖದಲ್ಲಿ ಅಷ್ಟು ಸಂಭ್ರಮವಿತ್ತು. "ಅಪ್ಪಟ ಅಸಲಿ" ಎಂದುಬಿಟ್ಟ.

ಆರು ವರ್ಷದ ಮೇಲೆ ವಾಚು ನಿಂತಿತು. ಇವನು ಊರಲ್ಲಿರಲಿಲ್ಲ. ಬೇರೆ ಅಂಗಡಿಯವನು ಬಿಚ್ಚಿ, ಒಳಗಿರುವುದು ನಕಲಿ ಯಂತ್ರ ಎಂದ. ಅದಕ್ಕೆ ಮುಂಚೆ ಪಟ್ಟಿ ಬದಲಾಯಿಸಲು ವಾಚನ್ನು ಹೊರಗೆ ಒಯ್ದಿದ್ದವನು ಮ್ಯಾನೇಜರ್‌ರ ಕಿರಿಯ ಮಗ. ಇವನು ಊರಿಗೆ ಬಂದದ್ದೇ ತಡ, ಮ್ಯಾನೇಜರ್ ಓಡಿ ಬಂದು ಕೇಳಿದರು: "ನೀನು ಅವತ್ತು ಒಳಗೆ ನೋಡಿದ್ದೆ ತಾನೇ? ಅಸಲಿ ಯಂತ್ರನೇ ಇತ್ತು ತಾನೇ?"

ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮೂವತ್ತು ವರ್ಷದ ಹೆಸರು! "ಹೂಂ" ಎಂದ. ಆ ಒಂದು ಹೂಂಗೆ ಹುಡುಗ ಅಸಲಿ ಯಂತ್ರ ತೆಗೆದು ಮಾರಿಕೊಂಡ ಮನೆಗಳ್ಳನಾದ, ಮನೆ ಬಿಟ್ಟ. ಅಪ್ಪ ಸತ್ತಾಗಲೂ ಬರಲಿಲ್ಲ.

ಈಗ ಅವನು ಎರಡೂ ಮುಚ್ಚಳ ತಿರುಗಿಸಿ ತೆಗೆದ. ಎರಡರಲ್ಲೂ ಅದೇ ಒರಟು ಯಂತ್ರ. ಕೆತ್ತಬೇಕಾದ ವಾಚಿನ ಹೆಸರನ್ನು ಅಚ್ಚೊತ್ತಿದ್ದರು, ಎರಡರಲ್ಲೂ ಕೊನೆಯ ಅಕ್ಷರ ಒಂದೇ ಕಡೆ ಮುಕ್ಕಾಗಿತ್ತು.

"ಎರಡೂ ಒಂದೇ ಕಡೆ ತಯಾರಾದ ನಕಲಿ, ಅತ್ತಿಗೆ. ಕೊಟ್ಟ ದಿನದಿಂದಲೂ ನಕಲಿನೇ. ಯಾರೂ ಬದಲಾಯಿಸಿಲ್ಲ."

"ಮತ್ತೆ ನೀವು ಒಳಗೆ ನೋಡಿದ್ದು?"

ಕಣ್ತಪ್ಪಿತು ಎನ್ನಬಹುದಿತ್ತು. ಅತ್ತಿಗೆ ಅದನ್ನೂ ನಂಬುತ್ತಿದ್ದರು.

"ನೋಡಿರಲಿಲ್ಲ. ಸುಳ್ಳು ಹೇಳಿದೆ."

ಅತ್ತಿಗೆ ಸ್ಟೂಲಿನ ಮೇಲೆ ಕುಸಿದರು. ಬೈಯಲಿಲ್ಲ. ಬೈದಿದ್ದರೆ, ಚಪ್ಪಲಿ ತೆಗೆದು ಬಾರಿಸಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಮಗನ ಪೆಟ್ಟಿಗೆ ತಡಕಾಡಿದ್ದು ನಾನೇ" ಎಂದರು. "ಅವನ ಎದುರಿಗೇ. ಕಾಲುಚೀಲನೂ ಬಿಡದೆ ಕೊಡವಿ ನೋಡಿದೆ. ನಾನಲ್ಲಮ್ಮ, ನಾನಲ್ಲಮ್ಮ ಅಂತಾನೇ ಇದ್ದ. ಹಾಗಾದ್ರೆ ಭೂತಗನ್ನಡಿ ಸುಳ್ಳು ಹೇಳ್ತಾರೇನೋ ಅಂತ ಬಾಯಿ ಮುಚ್ಚಿಸಿದೆ."

ಅವನಿಗೆ ಅಳು ಬಂತು. ಅರವತ್ತೆರಡು ವರ್ಷದ ಗಂಡಸು, ಹಗಲು ಹೊತ್ತಿನಲ್ಲಿ, ಬೀದಿಗೆ ಮುಖ ಮಾಡಿಕೊಂಡು ಅತ್ತ. ಅತ್ತಿಗೆ ಚೀಲದಿಂದ ಮಗನ ನಂಬರ್ ಬರೆದಿದ್ದ ಒಂದು ಚೀಟಿ ತೆಗೆದರು.

"ನನ್ನ ನಂಬರ್ ನೋಡಿದ್ರೆ ಎತ್ತಲ್ಲ. ನಿಮ್ಮ ಫೋನಿಂದ ಮಾಡಿ. ಈಗ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿ. ಮನೆಗೆ ಬಾ ಅನ್ನಿ."

ಫೋನನ್ನು ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟು ಅವನು ಹೇಳಿದ. ಕಂಪನಿ, ಕ್ಯಾಷಿಯರ್, ಮುಚ್ಚಳ, ತನ್ನ ಹೂಂ, ಏನೂ ಮುಚ್ಚಿಡಲಿಲ್ಲ.

"ಅಮ್ಮ ಅಲ್ಲೇ ಇದಾರಾ ಚಿಕ್ಕಪ್ಪ?"

"ಇಲ್ಲೇ ಇದಾರೆ ಕಣಪ್ಪ. ಎಲ್ಲ ಕೇಳಿದ್ರು. ನಂಬಿದ್ರು. ಮನೆಗೆ ಬಾ ಅಂತಿದಾರೆ."

"ಅವತ್ತು ನೀವು ಹೂಂ ಅಂದ್ರಿ, ನಂಬಿದ್ರು. ಇವತ್ತು ಇಲ್ಲ ಅಂದ್ರಿ, ಅದನ್ನೂ ನಂಬಿದ್ರು." ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾನು ಹೇಳಿದ್ದನ್ನ ಯಾವತ್ತಾದ್ರೂ ನಂಬಿದ್ರಾ, ಒಂದು ಸಲ ಕೇಳಿ."

ಅವನು ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಫೋನಿನ ಮೇಲೆ ಬಾಗಿ ಬಾಯಿ ತೆರೆದರು. ಮಾತು ಹೊರಡಲಿಲ್ಲ. ಆ ಕಡೆ ಮಗ ಸ್ವಲ್ಪ ಹೊತ್ತು ಕಾದ. ಆಮೇಲೆ ಫೋನ್ ಇಟ್ಟ.