ಅಸ್ಗರಿ ಬೇಗಂ ಕೇಳಿದ ಎಲೆ ಲೆಕ್ಕ

ಶುಕ್ರವಾರ ಮಧ್ಯಾಹ್ನ ನಾಗಮಂಗಲದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಅಸ್ಫಿಯಾ ಊಟಕ್ಕೂ ಎದ್ದಿರಲಿಲ್ಲ. ಅವಳ ‘ಮನೆದನಿ’ಯ ಡೌನ್‌ಲೋಡ್ ಕೊಂಡಿ ಬೆಳಿಗ್ಗೆಯೇ ಕೈಕೊಟ್ಟಿತ್ತು. ಫೈಲು ಇಡಲು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಕ್ಕಿದ್ದ ಜಾಗ ಅದು. ನಲವತ್ತು ಜನ ಇಳಿಸಿಕೊಳ್ಳುವಷ್ಟರಲ್ಲಿ ಈ ತಿಂಗಳ ಮಿತಿ ಮುಗಿಯಿತೆಂದು ಬಾಗಿಲು ಹಾಕಿಕೊಂಡಿತ್ತು. ಪುಕ್ಕಟೆ ಕೊಟ್ಟವರನ್ನು ಬೈಯುವಂತಿಲ್ಲ. ಆದರೂ ಅವಳು ಚೆನ್ನಾಗಿಯೇ ಬೈದಳು.

ಮನೆದನಿ ಅಂದರೆ ಕಣ್ಣು ಕಾಣದವರಿಗೆ ಮೊಬೈಲಿನಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡನ್ನು ಬಿಚ್ಚಿ ತಿದ್ದಲೂಬಹುದು, ಬಿಡಿಗಾಸು ಕೊಡಬೇಕಿಲ್ಲ. ಎರಡು ವರ್ಷ ಕೂತು ಬರೆದವಳು ಅಸ್ಫಿಯಾ. ತಪ್ಪು ಹಿಡಿದು ಕೊಟ್ಟವರು ಕೆ.ಆರ್. ಪೇಟೆಯ ಕಿಶನ್ ಮೇಷ್ಟ್ರು. ಅವರಿಗೆ ಹುಟ್ಟಿನಿಂದ ಕಣ್ಣಿಲ್ಲ, ಆದರೆ ಅವರ ಕಿವಿ ತಪ್ಪಿಸಿಕೊಂಡು ಒಂದು ಒತ್ತಕ್ಷರವೂ ಹೋಗುವಂತಿಲ್ಲ. ಓದುವ ದನಿ ಮಾತ್ರ ಅಸ್ಫಿಯಾಳ ತಾಯಿ ಅಸ್ಗರಿ ಬೇಗಂ ಅವರದು. ಮಗಳ ಕಾಟ ತಾಳಲಾರದೆ ಒಂದು ಚಳಿಗಾಲವಿಡೀ ಅವರು ಸಾವಿರಾರು ಸಾಲು ಓದಿಕೊಟ್ಟಿದ್ದರು. ಆ ದನಿಯಿಂದಲೇ ಫೈಲು ಆರುನೂರು ಎಂಬಿಗೆ ಊದಿಕೊಂಡಿತ್ತು.

ನಾಳೆ ಹನ್ನೊಂದು ಗಂಟೆಗೆ ಪಾಂಡವಪುರದಲ್ಲಿ ಕಣ್ಣು ಕಾಣದವರ ಸಮಾವೇಶ. ಮನೆದನಿ ತೋರಿಸಲು ಕಿಶನ್ ಮೇಷ್ಟ್ರಿಗೆ ಅರ್ಧ ಗಂಟೆ ಕೊಟ್ಟಿದ್ದರು. ಇನ್ನೂರು ಜನ ಒಟ್ಟಿಗೆ ಇಳಿಸಿಕೊಳ್ಳಬೇಕು. ಇಳಿಯದೆ ಹೋದರೆ, ಅವರೆಲ್ಲ ಮತ್ತೆ ಒಂದು ಕಡೆ ಸೇರುವುದು ಮುಂದಿನ ವರ್ಷವೇ.

“ಏನಾಯ್ತಮ್ಮ, ಜಾಗ ಸಿಕ್ತಾ?” ಫೋನಿನ ಸ್ಪೀಕರಿನಲ್ಲಿ ಮೇಷ್ಟ್ರ ದನಿ.

“ಎರಡು ಸಿಕ್ಕವೆ ಸರ್! ಒಂದ್ಕೆ ತಿಂಗಳಿಗೆ ಐನೂರು. ಇನ್ನೊಂದ್ಕೆ ಬರೀ ಎಂಬತ್ತು ಸರ್, ಎಂಬತ್ತು! ಅದನ್ನೇ ತಗಂಬುಡ್ತೀನಿ.”

ಅಸ್ಗರಿ ಬೇಗಂ ಮದುವೆಯ ಬೀಗರೂಟಗಳಿಗೆ ಬಿರಿಯಾನಿ ಮಾಡಿಕೊಡುವವರು. ಭಾನುವಾರದ ಮಾಕವಳ್ಳಿಯ ಊಟಕ್ಕೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆ ಎತ್ತಿದರು.

“ತಡಿ. ಎಲೆ ಮೇಲೆ ಎಷ್ಟು?”

“ಯಾವ ಎಲೆ ಅಮ್ಮೀ?”

“ಬಾಡ್ಗೆ ಎಂಬತ್ತು ಅಂತೀಯ. ಬಂದೋರು ಉಣ್ಣಕ್ಕೆ ಕೂತ್ರೆ ಎಲೆಗಿಷ್ಟು ಅಂತ ಕೇಳಲ್ವಾ? ಛತ್ರದ ಬಾಡ್ಗೆ ಕಮ್ಮಿ ಅಂತ ಬುಕ್ ಮಾಡ್ಬುಡ್ತಾರೆ. ಆಮೇಲೆ ನೀರ್ಗಿಷ್ಟು, ಎಲೆ ಎತ್ತಕ್ಕಿಷ್ಟು ಅಂತ ಬತ್ತದೆ. ಗಂಡಿನ ಕಡೆಯೋರು ಒಂದು ಬಸ್ಸು ಜಾಸ್ತಿ ಬಂದ್ರೆ ಮುಗೀತು, ಹೆಣ್ಣಿನಪ್ಪ ಬೆವತೋಯ್ತಾನೆ.”

ಮೇಷ್ಟ್ರು ಗೊಳ್ಳೆಂದು ನಕ್ಕರು. ಅಸ್ಫಿಯಾಗೆ ರೇಗಿತು. ಇಂಟರ್‌ನೆಟ್ಟಿಗೂ ಬೀಗರೂಟಕ್ಕೂ ಎಲ್ಲಿಂದೆಲ್ಲಿಯ ನಂಟು? ಅಮ್ಮನ ಬಾಯಿ ಮುಚ್ಚಿಸಬೇಕೆಂದೇ ಪುಟದ ತಳದವರೆಗೂ ಇಳಿದಳು. ಅಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು: ಇಡಲು ಎಂಬತ್ತು ರೂಪಾಯಿ, ಹೊರಗೆ ಹೋಗುವ, ಅಂದರೆ ಜನ ಇಳಿಸಿಕೊಳ್ಳುವ, ಒಂದೊಂದು ಜಿಬಿಗೂ ಎಂಟು ರೂಪಾಯಿ. ಅವಳ ಕೈಲಿದ್ದದ್ದೇ ಆರುನೂರು ರೂಪಾಯಿ. ನೂರೆಂಟು ಜನಕ್ಕೆ ಇಳಿಯುವಷ್ಟರಲ್ಲಿ ದುಡ್ಡು ಖಾಲಿಯಾಗಿ, ಉಳಿದವರ ಮುಖಕ್ಕೆ ಬಾಗಿಲು ಬೀಳುತ್ತಿತ್ತು.

“ಅಮ್ಮೀ! ಎಲೆ ಲೆಕ್ಕ ಐತೆ!” ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು.

“ಅಂಗೆ ಹೇಳು,” ಎಂದು ಅಸ್ಗರಿ ಬೇಗಂ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದರು.

ಈ ಸಲ ಅಸ್ಫಿಯಾ ಐನೂರರ ಪುಟವನ್ನು ತುದಿಯಿಂದ ತುದಿಗೆ ಎರಡು ಬಾರಿ ಓದಿದಳು. ಎಷ್ಟು ಜನ ಬಂದರೂ ಅದೇ ಬಾಡಿಗೆ. ದುಡ್ಡು ಕಟ್ಟಿದಳು, ಸಂಜೆಯೊಳಗೆ ಫೈಲನ್ನು ಏರಿಸಿ ಮುಗಿಸಿದಳು. ಕುಣಿಯುವಷ್ಟು ಖುಷಿಯಾಗಿತ್ತು.

ಮರುದಿನ ತಾಯಿ ಮಗಳು ಪಾಂಡವಪುರದ ಬಸ್ಸು ಹತ್ತಿದರು. ಸಭಾಂಗಣ ಕಿಕ್ಕಿರಿದಿತ್ತು. ಮೇಷ್ಟ್ರು ಮೈಕಿನಲ್ಲಿ “ಈಗ ಒತ್ತಿ” ಅಂದರು. ಅಸ್ಫಿಯಾ ಮೂಲೆಯಲ್ಲಿ ನಿಂತು ಲ್ಯಾಪ್‌ಟಾಪಿನಲ್ಲಿ ಎಣಿಕೆ ನೋಡತೊಡಗಿದಳು. ಹನ್ನೊಂದು. ನಲವತ್ತೇಳು. ತೊಂಬತ್ತು. ನೂರೆಂಟಕ್ಕೆ ಬಂದಾಗ ಉಸಿರು ಹಿಡಿದಳು. ನೂರೊಂಬತ್ತು! ಅಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಂಡಿದಳೆಂದರೆ ಬಳೆ ಒಡೆಯುವುದೊಂದು ಬಾಕಿ. ನೂರ ಎಪ್ಪತ್ತು, ಇನ್ನೂರು, ಇನ್ನೂರ ಹನ್ನೆರಡು. ಯಾರೋ ಆಗಲೇ ಊರಿಗೂ ಕೊಂಡಿ ಕಳಿಸಿದ್ದರು.

ಆಗ ಮುಂದಿನ ಸಾಲಿನಿಂದ ಒಂದು ಫೋನು ಮಾತಾಡಿತು. “ಬನ್ನಿ, ಕೂತ್ಕಳಿ. ಏನ್ ಓದ್ಬೇಕು?” ಮನೆಗೆ ಯಾರೇ ಬಂದರೂ ಅಸ್ಗರಿ ಬೇಗಂ ಹೇಳುವ ಮಾತನ್ನೇ ಅಸ್ಫಿಯಾ ಮೊದಲ ಸಾಲಾಗಿ ಇಟ್ಟಿದ್ದಳು. ಹಿಂದಿನಿಂದ ಇನ್ನೊಂದು ಫೋನು, ಬಲಗಡೆಯಿಂದ ನಾಲ್ಕು, ಆಮೇಲೆ ಸಭಾಂಗಣದ ತುಂಬ ಅದೇ ದನಿ. ಬೆಳಗೊಳದ ಬೀರಮ್ಮ ಎಂಬ ಮುದುಕಿ ಫೋನನ್ನು ಕೆನ್ನೆಗೆ ಒತ್ತಿ ಹಿಡಿದು, “ಯಾರವ್ವ ನೀನು? ನಮ್ಮನೆ ಜಗ್ಲಿ ಮೇಲೆ ಕೂತ್ಕಂಡು ಮಾತಾಡ್ದಂಗೆ ಐತಲ್ಲ!” ಅಂದಳು.

ಅಸ್ಗರಿ ಬೇಗಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಸಾಲು ಸಾಲು ತಲೆಗಳನ್ನು ಒಮ್ಮೆ ಕಣ್ಣಲ್ಲೇ ಎಣಿಸಿ, ಮಗಳ ತೋಳು ಚಿವುಟಿದರು.

“ಇಷ್ಟೊಂದು ಜನಾನೂ ಬನ್ನಿ, ಕೂತ್ಕಳಿ ಅಂದ್ಬುಟ್ಳಲ್ಲೇ ಆ ಫೋನಿನವ್ಳು! ಈಗ ಉಣ್ಣಕ್ಕೆ ಏನ್ ಇಕ್ಲಿ?”