ಬೀರಮ್ಮನ ಅಕ್ಕಿಹಿಟ್ಟು

ಲಷ್ಕರ್ ಮೊಹಲ್ಲಾದ ಆ ಗಲ್ಲಿಯಲ್ಲಿ ಬೀರಮ್ಮನ ಆರು ಜೇನುಪೆಟ್ಟಿಗೆಗಳಿಗೆ ಇದ್ದ ಶತ್ರು ಒಬ್ಬನೇ, ಎದುರು ಸಾಲಿನ ಮಿಠಾಯಿ ಅಂಗಡಿಯ ನಂಜುಂಡಸ್ವಾಮಿ. ಅವಳ ಜೇನುತುಪ್ಪಕ್ಕೆ ಯಾದವಗಿರಿಯ ಬಂಗಲೆಯವರೂ ಬಾಟಲಿ ಕಳಿಸುತ್ತಿದ್ದರು. ಗಂಡ ಹುಚ್ಚಯ್ಯನಿಗೆ ಮಿಲ್ಲಿನ ಕೆಲಸ ಹೋದ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ತುಪ್ಪದಿಂದ.

ಏಕೀಕರಣವಾದ ಮರುವರ್ಷದ ಆಷಾಢ. ಹಿಡಿದ ಸೋನೆಗೆ ಎಲ್ಲೂ ಹೂವಿಲ್ಲ. ಹೂವಿಲ್ಲವೆಂದು ಜೇನು ಉಪವಾಸ ಕೂರುತ್ತದೆಯೇ? ನಂಜುಂಡಸ್ವಾಮಿ ತಟ್ಟೆ ತುಂಬ ಜಹಾಂಗೀರು ಪೇರಿಸಿ ಬೀದಿಗೆ ತೆರೆದಿಟ್ಟರೆ ಪಾಕಕ್ಕೆ ಮುತ್ತದೆ ಇನ್ನೇನು ಮಾಡೀತು! ಬೀರಮ್ಮ ಮೂರು ಸಲ ಹೋಗಿ ಕೇಳಿಕೊಂಡಿದ್ದಳು.

"ಸ್ವಾಮ್ಯೋರೆ, ಒಂದು ಜಾಲರಿ ಮುಚ್ಚಿ. ನಿಮ್ ಪಾಕ ನನ್ ಪೆಟ್ಟಿಗೆ ಸೇರುದ್ರೆ ನನ್ ತುಪ್ಪದ ಹೆಸ್ರೂ ಕೆಡ್ತದೆ."

"ಮುಚ್ಚಿಟ್ರೆ ಗಿರಾಕಿ ಕಣ್ಣಿಗೆ ಹೆಂಗಮ್ಮ ಬಿದ್ದಾತು?" ಎಂದು ಆತ ಹಲ್ಲು ಬಿಟ್ಟ. ಅಷ್ಟಕ್ಕೇ ಬಿಡಲಿಲ್ಲ ಆ ಭೂಪ, ಬೀದಿಯವರ ಸಹಿ ಹಾಕಿಸಿ, ಜೇನಿನ ಕಾಟ ತಪ್ಪಿಸಿ ಎಂದು ಮುನಿಸಿಪಾಲಿಟಿಗೆ ಅರ್ಜಿಯನ್ನೂ ಕೊಟ್ಟ.

ಶುಕ್ರವಾರ ಮಳೆ ಬಿಟ್ಟು ಬಿಸಿಲು ಬಿದ್ದ ಹೊತ್ತಿಗೆ ಹೆಲ್ತ್ ಇನ್ಸ್‌ಪೆಕ್ಟರು ಬಂದರು. ನಂಜುಂಡಸ್ವಾಮಿ ಕುರ್ಚಿ ಹಾಕಿ, ಎಲೆಯಲ್ಲಿ ಒಂದು ಜಹಾಂಗೀರು ಇಟ್ಟು ಕೈಗೆ ಕೊಟ್ಟ.

"ಈ ಜೇನು ನಿನ್ನವೇ ಆಗಿದ್ರೆ ಸೋಮವಾರದೊಳಗೆ ಪೆಟ್ಟಿಗೆ ಊರಾಚೆ ಹೋಗ್ಬೇಕಮ್ಮ," ಎಂದರು ಇನ್ಸ್‌ಪೆಕ್ಟರು.

"ತಗೊಂಡೋಯ್ತೀವಿ ಬುದ್ಧಿ," ಎಂದು ಹುಚ್ಚಯ್ಯ ಕೈಮುಗಿದ.

"ನೀ ಸುಮ್ಕಿರು," ಎಂದಳು ಬೀರಮ್ಮ. "ಯಾರವು ಅಂತ ನೋಡೇ ಬುಡಾಣ ಸ್ವಾಮಿ. ಹಿಟ್ಟು ಹಾಕಿ ನೋಡಾಣ."

ಕಾಡಿನಲ್ಲಿ ಜೇನು ಹುಡುಕುವವರು ಮಾಡುವುದೇ ಅದು. ನೀರಿಗೆ ಬಂದ ಜೇನಿನ ಮೈಗೆ ಹಿಟ್ಟು ಹಾರಿಸಿ, ಬೆಳ್ಳಗೆ ಹಾರಿದ್ದರ ಬೆನ್ನು ಹತ್ತಿದರೆ ಗೂಡು ಸಿಗುತ್ತದೆ. ಬೀರಮ್ಮನಿಗೆ ಅಪ್ಪ ಕಲಿಸಿಕೊಟ್ಟ ವಿದ್ಯೆ. ಹುಚ್ಚಯ್ಯನ ಮುಖ ಮಾತ್ರ ಬಿಳಿಚಿಕೊಂಡಿತು.

"ನಮ್ಮವೇ ಕಣಮ್ಮಿ, ನಿಂಗೂ ಗೊತ್ತು," ಎಂದು ಪಿಸುಗುಟ್ಟಿದ.

"ಗೊತ್ತು," ಎಂದವಳೇ ತೆಳುಬಟ್ಟೆಯಲ್ಲಿ ಅಕ್ಕಿಹಿಟ್ಟು ಕಟ್ಟಿ ತಂದು ಜಹಾಂಗೀರಿನ ತಟ್ಟೆಯ ಮೇಲೆ ಚೆನ್ನಾಗಿ ಕೊಡವಿದಳು. ಕೂತದ್ದೆಲ್ಲ ಬೆಳ್ಳಗಾಗಿ ಎದ್ದು ಹಾರಿತು.

ಜನ ಅವಳ ಹಿತ್ತಿಲಿಗೆ ನುಗ್ಗಿದರು. ಸ್ವಲ್ಪ ಹೊತ್ತಿಗೇ ಬಿಳಿ ಜೇನೊಂದು ಬಂದು ಪೆಟ್ಟಿಗೆಯೊಳಗೆ ತೂರಿತು. ಹಿಂದೆಯೇ ನಾಲ್ಕು, ಆಮೇಲೆ ಲೆಕ್ಕವಿಲ್ಲ. ನಂಜುಂಡಸ್ವಾಮಿ ಚಪ್ಪಾಳೆ ತಟ್ಟಿ ನಕ್ಕ.

"ಒಪ್ಕೊಂಡೆ. ಜೇನು ನನ್ನವೇ," ಎಂದಳು ಬೀರಮ್ಮ, ತಲೆ ತಗ್ಗಿಸದೆ. "ಮಿಕ್ಕವು ಎಲ್ಗೋದ್ವು? ಅದ್ನೂ ನೋಡಾಣ ಬನ್ನಿ."

ಅವಳು ಎಲ್ಲರನ್ನೂ ಅಂಗಡಿಯ ಹಿಂದಿನ ಮೋರಿಗೆ ಕರೆದೊಯ್ದಳು. ಕರಿ ಕೊಚ್ಚೆಯ ಮೇಲೆ, ಕಕ್ಕಸಿನ ಗೋಡೆಯ ಮೇಲೆ, ಅಕ್ಕಿಹಿಟ್ಟು ಮೆತ್ತಿಕೊಂಡ ನೊಣಗಳು ಆರಾಮಾಗಿ ಕಾಲುಜ್ಜುತ್ತಿದ್ದವು. ಎಲ್ಲರೂ ನೋಡುತ್ತಿದ್ದಂತೆಯೇ ಒಂದಷ್ಟು ಎದ್ದು, ತೆರೆದ ಹಿಂಬಾಗಿಲಿನಿಂದ ಸೀದಾ ಅಂಗಡಿಯೊಳಗೆ ಹಾರಿ ಜಹಾಂಗೀರಿನ ಮೇಲೆ ಕೂತವು.

ಇನ್ಸ್‌ಪೆಕ್ಟರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಕೈಯಲ್ಲಿದ್ದ ಅರ್ಧವನ್ನು ಅವರು ಎಲೆ ಸಮೇತ ಮೋರಿಗೆ ಎಸೆದರು. ಅರ್ಜಿಗೆ ಸಹಿ ಹಾಕಿದ್ದ ಪುಟ್ಟತಾಯಮ್ಮ ಆಗಷ್ಟೇ ಕಟ್ಟಿಸಿದ್ದ ಪೊಟ್ಟಣವನ್ನು ಕಟ್ಟೆಯ ಮೇಲೆ ಕುಕ್ಕಿ, "ಥೂ! ಇಷ್ಟು ದಿನ ಇದನ್ನೇ ತಿಂದ್ವಾ!" ಎಂದು ಸೆರಗು ಬಾಯಿಗಿಟ್ಟುಕೊಂಡಳು.

"ಅಲ್ಲಾ ಸ್ವಾಮಿ, ಪೆಟ್ಟಿಗೆ..." ನಂಜುಂಡಸ್ವಾಮಿ ತಡವರಿಸಿದ.

"ಪೆಟ್ಟಿಗೆ ಹಾಗಿರ್ಲಿ ಕಣ್ರೀ. ನಾಳೆಯೊಳಗೆ ಜಾಲರಿ ಹಾಕ್ಲಿಲ್ಲಾಂದ್ರೆ ಅಂಗಡಿ ಬಾಗ್ಲು ಹಾಕಿಸ್ತೀನಿ," ಎಂದು ಇನ್ಸ್‌ಪೆಕ್ಟರು ಸೈಕಲ್ ಹತ್ತಿದರು.

ಹಿತ್ತಿಲಿಗೆ ಬಂದ ಮೇಲೆ ಹುಚ್ಚಯ್ಯ ಆರೂ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಅವ್ರು ಮೋರಿ ತಾವ ಬರ್ದೆ, ಪೆಟ್ಟಿಗೆ ಎತ್ತು ಅಂದ್ಬುಟ್ಟಿದ್ರೆ?"

"ಎತ್ಲಿ, ನೋಡಾಣ," ಎಂದಳು ಬೀರಮ್ಮ. "ಮೊದ್ಲು ನನ್ನ ಎತ್ಬೇಕಾಗಿತ್ತು."