ಬೆನ್ನ ಮೇಲಿನ ಎರಡು ಪಟ್ಟಿ

ದವಾಖಾನೆಯ ಹಿತ್ತಲಲ್ಲಿ ತಂತಿಗೆ ಸಿಕ್ಕಿಸಿದ ರಬ್ಬರ್ ಗವಸುಗಳು ಗಾಳಿ ತುಂಬಿಕೊಂಡು ಬೆರಳು ಬಿಚ್ಚುತ್ತಿದ್ದವು. ಅವನ್ನು ತೊಳೆದು, ಒಣಗಿಸಿ, ಪೌಡರ್ ಹಾಕಿಡುವುದು ನನ್ನ ಕೆಲಸವಾಗಿತ್ತು. ಹಲ್ಲಿನ ಡಾಕ್ಟರು ಮಂದಾಕಿನಿಯವರು ಕಿಟಕಿಯಿಂದ ಅವನ್ನು ಶತ್ರುಗಳನ್ನು ನೋಡುವ ಹಾಗೆ ನೋಡುತ್ತಿದ್ದರು.

"ಈ ದರಿದ್ರದವೇ ನನ್ನ ಕೈ ತಿಂದಿದ್ದು," ಎನ್ನುತ್ತಿದ್ದರು.

ಅವರ ಬೆರಳ ತುದಿಗಳು ಒಡೆದು ರಕ್ತ ಜಿನುಗುತ್ತಿತ್ತು. ಮುಲಾಮು, ಕೊಬ್ಬರಿ ಎಣ್ಣೆ, ಬೇರೆ ಸೋಪು, ಯಾವುದೂ ನಾಟಲಿಲ್ಲ. ರೋಗಿಗಳ ಬಾಯಿಗೆ ಕೈ ಹಾಕುವಾಗ ಗವಸು ಬಿಡುವಂತಿರಲಿಲ್ಲ. ಹಲ್ಲುಸೆಟ್ಟು ಮಾಡುವಾಗಲಾದರೂ ಕೈಗೆ ಬಿಡುವು ಸಿಗಲೆಂದು, ಪುಡಿಗೆ ಘಾಟಿನ ದ್ರವ ಬೆರೆಸಿದ, ಒಸಡಿನಂಥ ಗುಲಾಬಿ ಬಣ್ಣದ ಹಿಟ್ಟನ್ನು ಬರಿಗೈಯಲ್ಲೇ ನಾದುತ್ತಿದ್ದರು. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಊರಿನ ಎಷ್ಟೋ ಮುದುಕರ ನಗುವನ್ನು ಅವರ ಹೆಬ್ಬೆರಳು ತಿದ್ದಿತ್ತು.

ಆಗ ಕೊಟ್ರಯ್ಯನವರ ಸೆಟ್ಟು ಅರ್ಧವಾಗಿತ್ತು.

"ಬೇಗ ಮಾಡ್ಕೊಡಿ ಡಾಕ್ಟ್ರಮ್ಮ. ನನ್ನ ಹೆಂಡ್ತಿ ಗಂಜಿ ಕುಡ್ಸಿ ಕುಡ್ಸಿ, ಇನ್ನು ಲಾಲಿ ಹಾಡೋದೊಂದು ಬಾಕಿ," ಎಂದರು ಆ ಮುದುಕರು.

ಡಾಕ್ಟರು ನಕ್ಕರು. ನಗುತ್ತಲೇ ಕೈಯನ್ನು ಸೆರಗಿನಲ್ಲಿ ಮರೆಮಾಡಿದರು.

ಕೊನೆಗೆ ಚರ್ಮದ ವೈದ್ಯರು ಅವರ ಬೆನ್ನಿಗೆ ಎರಡು ಪಟ್ಟಿ ಅಂಟಿಸಿ ಕಳಿಸಿದರು. ಎಡಕ್ಕೆ ಗವಸಿನ ರಬ್ಬರು, ಬಲಕ್ಕೆ ಆ ಹಿಟ್ಟಿನ ದ್ರವ. ಯಾವುದು ಒಗ್ಗದೋ ಅದರ ಕೆಳಗೆ ಚರ್ಮ ಕೆಂಪೇರುತ್ತದೆ. ಪಟ್ಟಿ ತೆಗೆಸುವ ದಿನ ವೈದ್ಯರ ಬಳಿ ಹೋಗುವಷ್ಟೂ ತಾಳ್ಮೆ ಇವರಿಗೆ ಉಳಿದಿರಲಿಲ್ಲ. ನನ್ನನ್ನು ಒಳಕೋಣೆಗೆ ಕರೆದು, ಬಾಗಿಲು ಹಾಕಿ, ಬೆನ್ನು ತಿರುಗಿಸಿ ಕುಳಿತರು.

"ಕಿತ್ತು ನೋಡೇ. ರಬ್ಬರೇ ತಾನೆ? ಬೇರೆ ಥರದ ಗ್ಲೌಸ್ ತರಿಸಿದ್ರಾಯ್ತು, ಪೀಡೆ ತೊಲಗುತ್ತೆ."

ಎಡಗಡೆ ಚರ್ಮ ನುಣುಪಾಗಿತ್ತು. ಬಲಗಡೆ ಕೆಂಪಗೆ ಉಬ್ಬಿ, ಸಣ್ಣ ನೀರುಗುಳ್ಳೆಗಳು ಎದ್ದಿದ್ದವು. ಶಾಲೆ ಬಿಟ್ಟಾಗಿನಿಂದ ನಾನು ಮಾತಿಗಿಂತ ನೋಟವನ್ನೇ ರೂಢಿಸಿಕೊಂಡವಳು. ಆಗಲೂ ಎರಡೂ ಕಡೆ ನೋಡುತ್ತಲೇ ನಿಂತೆ.

"ಬಾಯಲ್ಲೇನಿಟ್ಕೊಂಡಿದೀಯ? ಹೇಳೇ!"

"ಬಲಗಡೇದು, ಮೇಡಂ."

"ನನ್ನ ಬಲವೋ, ನಿನ್ನ ಬಲವೋ?"

"ಎರಡೂ ಒಂದೇ ಮೇಡಂ. ನಾನು ನಿಮ್ಮ ಹಿಂದೇನೇ ನಿಂತಿದೀನಿ."

"ಇನ್ನೊಂದ್ಸಲ ನೋಡು."

ನೋಡಿದೆ. "ಅದೇ, ಮೇಡಂ."

ಅವರು ಸೆರಗು ಹೊದ್ದು ಸೀದಾ ಕೆಲಸದ ಮೇಜಿಗೆ ಹೋದರು.

"ಗ್ಲೌಸ್ ಹಾಕ್ಕೊಂಡು ನಾದಬಹುದಲ್ವಾ?" ಎಂದೆ.

"ಆ ದ್ರವ ರಬ್ಬರನ್ನೂ ದಾಟ್ಕೊಂಡು ಬರುತ್ತೆ ಕಣೇ. ಎಲ್ಲೋ ಓದಿದ್ದೆ. ಓದಿದ್ರೂ ನಂಬಲಿಲ್ಲ."

"ಮತ್ತೆ ನಾನು ನಾದ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ!"

ಆ ದ್ರವದ ಸೀಸೆಯ ಮುಚ್ಚಳವನ್ನು ರಪ್ಪನೆ ಬಿಗಿದರು. ಕೊಟ್ರಯ್ಯನವರ ದವಡೆಯ ಅಚ್ಚನ್ನು ನನ್ನ ಮುಂದೆ ತಳ್ಳಿ, ಪಕ್ಕದ ಊರಿನ ಹಲ್ಲುಸೆಟ್ಟು ಮಾಡುವವನಿಗೆ ಕಳಿಸಲು ಕಾಗದದಲ್ಲಿ ಸುತ್ತು ಎಂದರು.

ಸುತ್ತಿ ಮುಗಿಸಿ ಹಿತ್ತಲಿಗೆ ಬಂದೆ. ಡಾಕ್ಟರು ತಂತಿಯ ಕೆಳಗೆ ನಿಂತು, ಒಡೆದ ಬೆರಳುಗಳಲ್ಲಿ ಒಂದು ಗವಸಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದರು, ತಪ್ಪಿಲ್ಲದೆಯೂ ಬೈಸಿಕೊಂಡ ಮಗುವಿನ ಕೈ ಹಿಡಿದ ಹಾಗೆ. ಗಾಳಿ ಬೀಸಿತು. ಉಳಿದ ನಾಲ್ಕು ಬೆರಳುಗಳು ಉಬ್ಬಿ ಮೆಲ್ಲನೆ ಬಿಚ್ಚಿಕೊಂಡವು. ಒಳಗೆ ಯಾರ ಕೈಯೂ ಇರಲಿಲ್ಲ.